ಉಕ್ಕಿನ ವಿದ್ಯೆಯನ್ನು ಮರೆತವರಾರು?

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ವಿದ್ವಾಂಸರೊಬ್ಬರು ಪ್ರಾಚೀನ ಭಾರತದ ಲೋಹವಿದ್ಯೆಯನ್ನು ಕುರಿತು ಒಂದು ಗಂಟೆಯ ಕಾಲ ಉಪನ್ಯಾಸ ಮಾಡಿದರು. ಮಾತು ನಿರರ್ಗಳವಾಗಿತ್ತು, ಕಂಠವೂ ಚೆನ್ನಾಗಿತ್ತು. ನಮ್ಮ ದೇಶದಲ್ಲಿ ಹಿಂದೆ ಒಂದು ದಿವ್ಯವಾದ ಉಕ್ಕು ಇತ್ತೆಂದೂ, ಅದರಿಂದಾದ ಕತ್ತಿಯು ಗಾಳಿಯಲ್ಲಿ ತೇಲಿ ಬೀಳುವ ರೇಷ್ಮೆಯ ವಸ್ತ್ರವನ್ನು ಎರಡಾಗಿ ಸೀಳುತ್ತಿತ್ತೆಂದೂ, ಅದನ್ನು ಮಾಡುವ ರಹಸ್ಯವು ಋಷಿಗಳ ತಾಳೆಯೋಲೆಗಳಲ್ಲಿ ಅಡಗಿತ್ತೆಂದೂ, ಆ ಓಲೆಗಳನ್ನು ಪರದೇಶದವರು ಅಪಹರಿಸಿದ ಮೇಲೆ ವಿದ್ಯೆಯು ಕಾಲಧರ್ಮದಿಂದ ಮರೆತುಹೋಯಿತೆಂದೂ ಅವರು ಅಪ್ಪಣೆ ಕೊಡಿಸಿದರು. ಸಭೆಯು ಕರತಾಡನ ಮಾಡಿತು. ನಾನೂ ಮಾಡಿದೆನು. ಮನೆಗೆ ಬಂದು ಕೈಕಾಲು ತೊಳೆದು ಕುಳಿತ ಮೇಲೆ ನಾಚಿಕೆಯಾಯಿತು. ಆ ನಾಚಿಕೆಯ ಫಲವೇ ಈ ಲೇಖನ.

ಉಪನ್ಯಾಸಕರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಅವರು ಹೇಳಿದ್ದು ಅವರೊಬ್ಬರ ಮತವೂ ಅಲ್ಲ. ಓದಿದ ಮನೆಗಳಲ್ಲಿ ಊಟವಾದ ಮೇಲೆ ಎಲೆಯಡಿಕೆಯೊಂದಿಗೆ ನಡೆಯುವ ಮಾತೇ ಅದು. ನಾನು ಖಂಡಿಸಬೇಕೆಂದಿರುವುದು ಅವರು ಬಳಸಿದ ಒಂದು ಕ್ರಿಯಾಪದವನ್ನು: "ಮರೆತುಹೋಯಿತು." ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವನಿಗೆ, ಕರ್ತೃವಿಲ್ಲದ ಕ್ರಿಯೆಯನ್ನು ಕಂಡೊಡನೆ ಸಂದೇಹ ಹುಟ್ಟುವುದು ಸಹಜ. ಮರೆತುಹೋಯಿತು ಸರಿ, ಮರೆತವರಾರು? ಬಲ್ಲವನು ಮರೆತನೆ? ಅಥವಾ ಎಂದೂ ಬಲ್ಲವರೇ ಅಲ್ಲದ ನಾವು, ಬಲ್ಲವನನ್ನೇ ಮರೆತೆವೆ? ಈ ಎರಡಕ್ಕೂ ಭೂಮ್ಯಾಕಾಶಗಳ ಅಂತರವುಂಟು.

ಮೊದಲು ವಸ್ತುಸ್ಥಿತಿಯನ್ನು ಹೇಳುವೆನು. ಈ ಉಕ್ಕು ಕಲ್ಪನೆಯದಲ್ಲ, ನಿಜವಾಗಿ ಇತ್ತು. ದಮಸ್ಕಸಿನ ಕತ್ತಿಗಳೆಂದು ಜಗತ್ತು ಕೊಂಡಾಡಿದ ಆಯುಧಗಳಲ್ಲಿ ಎಷ್ಟೋ ನಮ್ಮ ದಕ್ಷಿಣದೇಶದಿಂದ ಹೋದ ಉಕ್ಕಿನ ಗಟ್ಟಿಗಳಿಂದ ಆದವು. ಒಂಬತ್ತನೆಯ ಶತಮಾನದ ಅಲ್ ಕಿಂದಿಯೂ ಹನ್ನೊಂದನೆಯ ಶತಮಾನದ ಅಲ್ ಬಿರೂನಿಯೂ ಕತ್ತಿಗಳ ವಿಷಯವಾಗಿ ಬರೆಯುವಾಗ ಹಿಂದೂಸ್ಥಾನದ ಉಕ್ಕನ್ನು ಹೆಸರಿಸಿದ್ದಾರೆ. ಇಂದಿನ ತೆಲಂಗಾಣದ ಕೋನಸಮುದ್ರವೆಂಬ ಹಳ್ಳಿಗೆ ಪಾರಸೀಕ ವರ್ತಕರು ಬಂದು ತಂಗಿ, ಗಟ್ಟಿಗಳನ್ನು ತಾವೇ ಪರೀಕ್ಷಿಸಿ ಕೊಂಡೊಯ್ಯುತ್ತಿದ್ದರು. 1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಇದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಮರುವರ್ಷ, 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬವನು ಅದರ ಪರೀಕ್ಷೆಯ ವರದಿಯನ್ನು ಅಚ್ಚು ಮಾಡಿಸಿದನು. ಅಲ್ಲಿಂದ ಮುಂದೆ ಆ ಉಕ್ಕಿಗೆ ಯೂರೋಪಿನಲ್ಲಿ "ವೂಟ್ಸ್" ಎಂಬ ಹೆಸರು ನಿಂತಿತು. ನಮ್ಮ "ಉಕ್ಕು" ಎಂಬ ಮಾತೇ ಹೀಗೆ ರೂಪಗೆಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಮತ. ತೆಲುಗರಿಗೂ ಅದು ಉಕ್ಕೇ ಆದುದರಿಂದ ಈ ಕೀರ್ತಿಗೆ ನಾವೊಬ್ಬರೇ ಹಕ್ಕುದಾರರಲ್ಲ.

ಮಾಡುವ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟವರೂ ಉಂಟು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪೆನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. 1807ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ನಮ್ಮ ಕಮ್ಮಾರರ ಕೆಲಸದ ವಿವರವಿದೆ. ಹಸಿಯ ಮಣ್ಣಿನ ಮೂಸೆ. ಅದರೊಳಗೆ ಮೆದು ಕಬ್ಬಿಣದ ಒಂದು ತುಂಡು. ಅದರೊಂದಿಗೆ ತೂಕ ಮಾಡಿ ಹಾಕಿದ ತಂಗಡಿಯ ಕಡ್ಡಿ, ಕೆಲವು ಹಸಿರೆಲೆ. ಬಾಯಿಗೆ ಮಣ್ಣಿನ ಮೆತ್ತಿಗೆ. ಇಂಥ ಮೂಸೆಗಳನ್ನು ಒಟ್ಟಾಗಿ ಒಲೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ, ತಿದಿಯೊತ್ತಿ ಗಂಟೆಗಟ್ಟಲೆ ಕಾಸುವುದು. ಕಬ್ಬಿಣವೊಂದೇ ಕರಗಬೇಕಾದರೆ 1538 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಬೇಕು. ಆದರೆ ಕಡ್ಡಿಯೂ ಎಲೆಯೂ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಕ್ಕೆ ಸೇರುತ್ತ ಹೋದಂತೆ ಅದು ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ದ್ರವಿಸುತ್ತದೆ. ಬಳಿಕ ನಿಧಾನವಾಗಿ ಆರಬೇಕು. ಮೂಸೆಯನ್ನು ಒಡೆದರೆ ಒಳಗೆ ಉಕ್ಕಿನ ಗಟ್ಟಿ. ನೂರಕ್ಕೆ ಒಂದೂವರೆಯಷ್ಟು ಇಂಗಾಲ, ಉಳಿದದ್ದೆಲ್ಲ ಕಬ್ಬಿಣವೇ. ಇದು ಆ ದಿವ್ಯಲೋಹ.

ಹೀಗಿರಲು, ಸಭೆಯಲ್ಲಿ ಕೇಳಿದ ಮೂರು ಮಾತುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ದಿವ್ಯತ್ವ. ರೇಷ್ಮೆಯನ್ನು ಸೀಳುವ ಕತ್ತಿಯ ಕಥೆಯನ್ನು ಮನೆಮನೆಗೆ ಮುಟ್ಟಿಸಿದ್ದು ಯಾವ ಪುರಾಣವೂ ಅಲ್ಲ. 1825ರಲ್ಲಿ ವಾಲ್ಟರ್ ಸ್ಕಾಟನು ಬರೆದ ಇಂಗ್ಲಿಷ್ ಕಾದಂಬರಿ. ಗುಲಾಮನ ದೇಹದಲ್ಲಿ ಕತ್ತಿಯನ್ನಿಳಿಸಿ ಹದ ಕೊಡುತ್ತಿದ್ದರೆಂಬ ಕಥೆಗೂ ಆಧಾರವಿಲ್ಲ. ದೆಹಲಿಯ ಕಬ್ಬಿಣದ ಕಂಬವನ್ನು ಈ ಪ್ರಸಂಗದಲ್ಲಿ ಎಳೆದು ತರುವುದು ಶುದ್ಧ ತಪ್ಪು. ಅದು ಕರಗಿಸಿದ ಉಕ್ಕೇ ಅಲ್ಲ. ಮೆದು ಕಬ್ಬಿಣದ ಮುದ್ದೆಗಳನ್ನು ಬಡಿದು ಬೆಸೆದದ್ದು. ಅದಕ್ಕೆ ತುಕ್ಕು ಹೆಚ್ಚಾಗಿ ಹಿಡಿಯದಿರುವುದಕ್ಕೆ ಮುಖ್ಯ ಕಾರಣ ಅದರಲ್ಲಿರುವ ರಂಜಕ. ಮೂಸೆಯ ಉಕ್ಕನ್ನು ನಾವೊಬ್ಬರೇ ಬಲ್ಲೆವೆಂಬುದೂ ಸಲ್ಲದು. ಮಧ್ಯ ಏಷ್ಯದ ಮೆರ್ವ್ ಪಟ್ಟಣದಲ್ಲಿ ಸಾವಿರ ವರ್ಷದ ಹಿಂದಿನ ಮೂಸೆಗಳೂ ಒಲೆಗಳೂ ನೆಲದಡಿಯಿಂದ ಹೊರಬಂದಿವೆ. ಇಂದಿನ ಕಾರ್ಖಾನೆಗಳ ಉತ್ತಮವಾದ ಉಕ್ಕು ಹಳೆಯ ಯಾವ ಕತ್ತಿಗೂ ಹಿಂದೆ ಬೀಳತಕ್ಕದ್ದಲ್ಲ. ಇಷ್ಟನ್ನು ಒಪ್ಪಿಕೊಂಡರೆ ನಮ್ಮ ಹಿರಿಮೆಗೆ ಕುಂದಾಗುವುದೆಂದು ಅಂಜುವವರಿಗೆ ಹೇಳುವುದೊಂದೇ ಮಾತು: ದೇವತೆಗಳು ಮಾಡಿದ್ದಾದರೆ ಅದರಲ್ಲಿ ಆಶ್ಚರ್ಯವೇನು? ಹರಿದ ಪಂಚೆಯನ್ನುಟ್ಟ ಮನುಷ್ಯನು, ಉಷ್ಣಮಾಪಕವಿಲ್ಲದೆ, ಕಣ್ಣಳತೆಯಿಂದಲೂ ಕಿವಿಯಿಂದಲೂ ಅದನ್ನು ಸಾಧಿಸಿದನೆಂಬುದೇ ಆಶ್ಚರ್ಯ. ದಿವ್ಯವೆಂದು ಕರೆಯುವುದರಿಂದ ನಾವು ಆ ಮನುಷ್ಯನ ಕೂಲಿಯನ್ನು ಎರಡನೆಯ ಬಾರಿ ಕಸಿದುಕೊಂಡಂತಾಗುತ್ತದೆ.

ಇನ್ನೊಂದು ವಿಷಯ. ನಮಗೆ ಕತ್ತಿಯೇ ಏಕೆ ನೆನಪಾಗಬೇಕು? ನಮ್ಮ ಸೀಮೆಯಲ್ಲಿ ಈ ಉಕ್ಕಿನಿಂದ ಕಲ್ಲುಕುಟಿಗರ ಉಳಿಗಳೂ ಆಗುತ್ತಿದ್ದವೆಂದು ಬುಕನನ್ನನ ಗ್ರಂಥದಿಂದ ತಿಳಿಯುತ್ತದೆ. ಚನ್ನಪಟ್ಟಣದಲ್ಲಿ ಉಕ್ಕಿನ ತಂತಿಗಳನ್ನೆಳೆದು ವಾದ್ಯಗಳಿಗಾಗಿ ದೂರದೂರದ ಊರುಗಳಿಗೆ ಕಳುಹಿಸುತ್ತಿದ್ದ ಸಂಗತಿಯೂ ಅಲ್ಲಿದೆ. ಕಣಶಿಲೆಯನ್ನು ಕಡೆದ ಉಳಿ, ವೀಣೆಯಲ್ಲಿ ನುಡಿದ ತಂತಿ. ಇವು ನಮ್ಮ ಉಪನ್ಯಾಸಗಳಲ್ಲಿ ಬರುವುದಿಲ್ಲ. ರಾಜನ ಕೈಗೆ ಹೋದದ್ದು ಮಾತ್ರ ಬರುತ್ತದೆ.

ಎರಡನೆಯದು ತಾಳೆಯೋಲೆ. ಈ ವಿಷಯದಲ್ಲಿ ಪಾಠಶಾಲೆಯ ಅನ್ನವನ್ನುಂಡವನಾಗಿ ನನಗೆ ಮಾತನಾಡಲು ಸ್ವಲ್ಪ ಅಧಿಕಾರವುಂಟೆಂದು ಭಾವಿಸುತ್ತೇನೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣವೆಂಬ ಅಧ್ಯಾಯವೇ ಇದೆ. ಐವತ್ತು ಅಂಗುಲದ ಕತ್ತಿ ಉತ್ತಮವೆಂದೂ ಇಪ್ಪತ್ತೈದು ಅಂಗುಲದ್ದು ಕನಿಷ್ಠವೆಂದೂ ಅದು ಹೇಳುತ್ತದೆ. ಕತ್ತಿಯ ಮೇಲೆ ಯಾವ ಅಂಗುಲದಲ್ಲಿ ಗುರುತಿದ್ದರೆ ಒಡೆಯನಿಗೆ ಏನು ಫಲವೆಂಬುದೂ, ಸಂಪತ್ತನ್ನು ಬಯಸುವವನು ಕತ್ತಿಗೆ ರಕ್ತವನ್ನೂ ಸತ್ಪುತ್ರನನ್ನು ಬಯಸುವವನು ತುಪ್ಪವನ್ನೂ ಕುಡಿಸಬೇಕೆಂಬುದೂ ಅಲ್ಲಿದೆ. ಬಾಳೆಯ ಕ್ಷಾರವನ್ನು ಮಜ್ಜಿಗೆಯಲ್ಲಿ ಕಲಸಿ ಹದ ಕೊಡುವ ಒಂದು ವಿಧಾನವೂ ಉಂಟು. ಅದು ಯಾವನೋ ಕಮ್ಮಾರನ ಬಾಯಿಂದ ಬಂದದ್ದಿರಬೇಕು. ಆದರೆ ಆ ಲೋಹ ಎಲ್ಲಿಂದ ಬಂತು, ಹೇಗೆ ಕರಗಿತು? ಆ ಮಾತಿಲ್ಲ. ರಸರತ್ನಸಮುಚ್ಚಯದಲ್ಲಿ ಕಬ್ಬಿಣಕ್ಕೆ ಮುಂಡ, ತೀಕ್ಷ್ಣ, ಕಾಂತವೆಂಬ ಭೇದಗಳಿವೆ. ತೀಕ್ಷ್ಣದಲ್ಲಿ ಆರು ಬಗೆ ಹೇಳಿದೆ. ಮೂಸೆಯ ಮಣ್ಣನ್ನೂ ಒಲೆಯ ಅಳತೆಯನ್ನೂ ಆ ಗ್ರಂಥ ವಿವರಿಸುತ್ತದೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಅದರ ಗುರಿ ಭಸ್ಮ, ಔಷಧ, ದೇಹಸಿದ್ಧಿ. ವ್ಯಾಪಾರಕ್ಕೆ ಹೋಗುತ್ತಿದ್ದ ಉಕ್ಕಿನ ಗಟ್ಟಿಯನ್ನು ಎಷ್ಟು ಹೊತ್ತು ಕಾಸಬೇಕು, ಹೇಗೆ ಆರಿಸಬೇಕು, ಯಾವ ಬಣ್ಣ ಬಂದಾಗ ತಿದಿಯನ್ನು ನಿಲ್ಲಿಸಬೇಕು ಎಂಬುದನ್ನು ನಾನು ಓದಿದ ಯಾವ ಶಾಸ್ತ್ರಗ್ರಂಥದಲ್ಲಿಯೂ ಕಾಣೆನು.

ಕಾಣದಿರುವುದಕ್ಕೆ ಕಾರಣ ಕಳ್ಳರಲ್ಲ, ಬರೆಯಬಲ್ಲವರು ಬರೆಯಲಿಲ್ಲ. ಒಂದು ಸ್ವರ ಏರುಪೇರಾಗದಂತೆ ವೇದವನ್ನು ಉಳಿಸಿಕೊಳ್ಳಲು ನಮ್ಮ ಪೂರ್ವಿಕರು ಪದ, ಕ್ರಮ, ಜಟೆ, ಘನವೆಂದು ಎಷ್ಟು ಬಗೆಯ ಪಾಠಗಳನ್ನು ಕಟ್ಟಿದರು! ಅಂಥ ಜ್ಞಾಪಕಶಕ್ತಿಯುಳ್ಳ ಜನ ನಾವು. ನಮ್ಮ ಅಗ್ರಹಾರಗಳಿಂದ ಕೂಗಳತೆಯಲ್ಲಿ ಉಕ್ಕು ಕರಗುತ್ತಿತ್ತು. ಅದರ ಒಂದು ಒಲೆಯ ಕ್ರಮವನ್ನೂ ನಾವು ಬರೆದಿಡಲಿಲ್ಲ. ದೃಷ್ಟಾಂತಕ್ಕೆ ಮಾತ್ರ ಕರಕುಶಲಿಗಳು ನಮಗೆ ಬೇಕಾದರು. ತರ್ಕಶಾಸ್ತ್ರದಲ್ಲಿ ಗಡಿಗೆಗೆ ಕುಂಬಾರನು ನಿಮಿತ್ತಕಾರಣವೆಂದು ಬಾಲ್ಯದಿಂದ ಉರುಹೊಡೆದೆವು. ಯಾವ ಕೆರೆಯ ಮಣ್ಣು ಬಿರಿಯದೆಂದು ಯಾವ ಕುಂಬಾರನನ್ನೂ ಕೇಳಲಿಲ್ಲ. ವೇದಾಂತದಲ್ಲಿ ಕಾದ ಕಬ್ಬಿಣದ ಗುಂಡನ್ನು ನೂರು ಸಾರಿ ಹೇಳಿದೆವು. ಕುಲುಮೆಯ ಮುಂದೆ ಒಂದು ಗಳಿಗೆ ನಿಂತವರು ನಮ್ಮಲ್ಲಿ ಎಷ್ಟು ಮಂದಿ? ಉದ್ದಾಲಕನು ಮಗನಿಗೆ ತತ್ತ್ವವನ್ನು ತಿಳಿಸುವಾಗ ಮಣ್ಣಿನ ಮುದ್ದೆಯನ್ನೂ ಕಬ್ಬಿಣದ ಉಗುರುಕತ್ತರಿಯನ್ನೂ ತೋರಿಸಿದನಲ್ಲವೆ? ತತ್ತ್ವವನ್ನು ಹಿಡಿದುಕೊಂಡು ಕತ್ತರಿಯನ್ನು ಬಿಟ್ಟವರು ನಾವು.

ಮೂರನೆಯದು ಕಾಲಧರ್ಮ. ಇದು ಸೋಮಾರಿಯ ಸಮಾಧಾನ. ವಿದ್ಯೆಯೊಂದು ಅಳಿಯುವುದಕ್ಕೆ ಕಾರಣಗಳಿರುತ್ತವೆ, ಅವನ್ನು ಹುಡುಕಬೇಕು. ಈ ಉಕ್ಕು ಒಬ್ಬನ ತಲೆಯಲ್ಲಿದ್ದ ಮಂತ್ರವಲ್ಲ, ಅದೊಂದು ಸರಪಳಿ. ಅದುರನ್ನು ಆರಿಸುವವನೊಬ್ಬ, ಇದ್ದಿಲು ಸುಡುವವನೊಬ್ಬ, ಮೂಸೆ ಮಾಡುವವನೊಬ್ಬ, ಕಾಸುವವನೊಬ್ಬ, ಹೊತ್ತು ಮಾರುವವನೊಬ್ಬ, ಕತ್ತಿ ಬಡಿಯುವವನು ಎಲ್ಲಿಯೋ ಸಮುದ್ರದಾಚೆ ಒಬ್ಬ. ಒಂದು ಕೊಂಡಿ ಕಳಚಿದರೆ ಉಳಿದವರು ಬಲ್ಲವರಾಗಿಯೂ ನಿರುಪಯುಕ್ತರು. ಅರಣ್ಯದ ಕಾಯಿದೆಗಳು 1865ರಲ್ಲಿ ಬಂದವು, 1878ರಲ್ಲಿ ಬಿಗಿಯಾದವು, ಕಾಡಿಗೆ ಹೋಗಿ ಇದ್ದಿಲು ಸುಡುವುದು ಅಪರಾಧವಾಯಿತು. ಅದೇ 1878ರಲ್ಲಿ ಆಯುಧಗಳ ಕಾಯಿದೆ ಬಂದಿತು. ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣ ಸಂತೆಯಲ್ಲಿ ಬಿತ್ತು. ಕತ್ತಿಯ ಕಾಲ ಹೋಗಿ ಕೋವಿಯ ಕಾಲವಾಯಿತು. ಅದುರಿನ ವಿಷಯ ಇನ್ನೂ ಸೂಕ್ಷ್ಮ. 1998ರಲ್ಲಿ ಅಮೆರಿಕದ ವರ್‌ಹೋವೆನ್ ಎಂಬ ಲೋಹಶಾಸ್ತ್ರಜ್ಞರೂ ಪೆಂಡ್ರೆ ಎಂಬ ಕಮ್ಮಾರರೂ ತಮ್ಮ ಸಂಗಡಿಗರೊಡನೆ ಒಂದು ಸಂಗತಿಯನ್ನು ಪ್ರಕಟಿಸಿದರು. ಕತ್ತಿಯ ಮೇಲೆ ನೀರಿನ ಅಲೆಯಂತೆ ಕಾಣುವ ರೇಖೆಗೆ ವೆನೇಡಿಯಂ ಮುಂತಾದ ಧಾತುಗಳ ಲೇಶ ಕಾರಣವಂತೆ. 25,000 ಪಾಲಿಗೆ ಒಂದು ಪಾಲಿದ್ದರೂ ಸಾಕಂತೆ. ಅಂಥ ಅದುರು ಮುಗಿದು ಬೇರೆ ಅದುರು ಬಂದಾಗ, ಕೈ ಅದೇ, ಕ್ರಮ ಅದೇ. ರೇಖೆ ಮಾತ್ರ ಮೂಡದೆ ಹೋಗಿ, ತಂದೆಯಿಂದ ಮಗನಿಗೆ ವಿದ್ಯೆ ಇಳಿಯದೆ ನಿಂತಿರಬಹುದೆಂದು ಅವರ ಊಹೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೂ ಕಾಲಧರ್ಮವೆಂಬ ಮಾತಿಗಿಂತ ನೂರು ಪಾಲು ಮೇಲು.

ಇಲ್ಲಿ ಬೇರೊಂದು ಗುಂಪಿನವರು ಎದ್ದು ನಿಲ್ಲುತ್ತಾರೆ. ಇವರು ನಮ್ಮ ಹೊಸ ವಿದ್ಯಾವಂತರು. "ಹಾಗಾದರೆ ನಿಮ್ಮ ಕಮ್ಮಾರನಿಗೆ ಏನೂ ತಿಳಿದಿರಲಿಲ್ಲ, ಅದುರಿನ ಗುಣದಿಂದ ಆಕಸ್ಮಿಕವಾಗಿ ಒಳ್ಳೆಯ ಉಕ್ಕಾಯಿತು, ಅಷ್ಟೇ" ಎಂದು ಇವರ ವಾದ. ಮೊದಲಿನವರು ಕಮ್ಮಾರನ ವಿದ್ಯೆಯನ್ನು ಋಷಿಗೆ ದಾನ ಮಾಡಿದರು; ಇವರು ಅದನ್ನು ಕಲ್ಲಿಗೆ ದಾನ ಮಾಡುತ್ತಾರೆ. ಇಬ್ಬರ ಲೆಕ್ಕದಲ್ಲಿಯೂ ಕಮ್ಮಾರನಿಗೆ ಸೊನ್ನೆ. ಇವರಿಗೆ ನನ್ನ ಉತ್ತರವಿದು. ಪಾಣಿನಿಯನ್ನು ಓದದ ಕೂಸು ವಿಭಕ್ತಿ ತಪ್ಪದೆ ಅಮ್ಮನನ್ನು ಕರೆಯುತ್ತದೆ. ಅದರ ಮಾತು ಆಕಸ್ಮಿಕವೆ? ಹೆಸರು ತಿಳಿಯದಿರುವುದು ಬೇರೆ, ವಿಷಯ ತಿಳಿಯದಿರುವುದು ಬೇರೆ. ವಸ್ತುವನ್ನು ಕೈಯಲ್ಲಿ ಹಿಡಿದಿದ್ದ ಯೂರೋಪಿನವರ ಪಾಡನ್ನಾದರೂ ನೋಡಿರಿ. ಆ ಕಾಲದ ಮಹಾವಿಜ್ಞಾನಿಯೂ ಸ್ವತಃ ಕಮ್ಮಾರನ ಮಗನೂ ಆದ ಮೈಕೇಲ್ ಫ್ಯಾರಡೆ 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿ, ಇದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವಿರಬೇಕೆಂದು ಬಗೆದನು, ಅದು ತಪ್ಪಾಯಿತು. ಇಂಗಾಲವೇ ಕಾರಣವೆಂದು ಪ್ಯಾರಿಸಿನ ಬ್ರೆಯಾನ್ 1820ರ ದಶಕದಲ್ಲಿ ಕಂಡುಕೊಂಡನು. ರಷ್ಯದ ಉರಲ್ ಪ್ರಾಂತ್ಯದ ಅನೋಸೊವನು ಅಂಥ ಉಕ್ಕನ್ನು ತಾನೇ ಮಾಡಿ 1841ರಲ್ಲಿ ಗ್ರಂಥ ಬರೆದನು. ನಮ್ಮ ಗಟ್ಟಿಯನ್ನು ಬಿಳುಪಾಗುವವರೆಗೆ ಕಾಸಿ ಬಡಿದ ಯೂರೋಪಿನ ಕಮ್ಮಾರರ ಸುತ್ತಿಗೆಯಡಿ ಅದು ಪುಡಿಪುಡಿಯಾಗುತ್ತಿತ್ತು. ಏಕೆಂದರೆ ಅದನ್ನು ಹೆಚ್ಚು ಕಾಸದೆ ಕೆಂಪಿನಲ್ಲಿಯೇ ತಾಳ್ಮೆಯಿಂದ ಬಡಿಯಬೇಕು. ಈ ಒಂದು ಮಾತನ್ನು ಬಲ್ಲವರು ಕೋನಸಮುದ್ರದಿಂದ ಇಸ್ಫಹಾನಿನವರೆಗೆ ಇದ್ದರು. ಬಲ್ಲವರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ, ಪರರ ತಪ್ಪನ್ನು ಎತ್ತಿ ತೋರಿಸಿ ನಾನು ಶುದ್ಧನಾದಂತಾದೀತು. ಆದಕಾರಣ ನನ್ನ ತಪ್ಪೊಂದನ್ನು ವಾಚಕರ ಮುಂದೆ ಇಡಲೇಬೇಕಾಗಿದೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಪ್ರೌಢಶಾಲೆಯಲ್ಲಿ ಭರ್ತೃಹರಿಯ ನೀತಿಶತಕದಿಂದ ಒಂದು ಶ್ಲೋಕದ ಪಾಠ ಮಾಡುತ್ತಿದ್ದೆನು. ಕಾದ ಕಬ್ಬಿಣದ ಮೇಲೆ ಬಿದ್ದ ನೀರ ಹನಿ ಹೆಸರಿಲ್ಲದಂತೆ ಅಳಿಯುತ್ತದೆ, ಅದೇ ಹನಿ ತಾವರೆಯೆಲೆಯ ಮೇಲೆ ಮುತ್ತಿನಂತೆ ತೋರುತ್ತದೆ ಎಂಬ ಭಾವ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನು ಎದ್ದು ನಿಂತನು. ಕಮ್ಮಾರರ ಮನೆಯವನು, ಬೆಳಗ್ಗೆ ತಿದಿಯೊತ್ತಿ ಶಾಲೆಗೆ ಬರುತ್ತಿದ್ದವನು. "ಸಾರ್, ಎಷ್ಟು ಕಾದಿದ್ರೆ ಸಾರ್? ಸುಮ್ನೆ ಬಿಸಿಯಾಗಿದ್ರೆ ಹನಿ ಚುಂಯ್ ಅಂತ ಹೋಗ್ತದೆ. ಕೆಂಡದಂಗೆ ಕೆಂಪಾಗಿದ್ರೆ ಹೋಗಲ್ಲ ಸಾರ್, ಗೋಲಿ ಹಂಗೆ ಓಡಾಡ್ತದೆ" ಎಂದನು. ತರಗತಿ ನಕ್ಕಿತು. ನಾನು, "ಭರ್ತೃಹರಿಗೆ ತಿದ್ದುಪಡಿ ಹೇಳಲು ಬಂದೆಯಾ? ಕುಳಿತುಕೋ" ಎಂದು ಗದರಿಸಿದೆನು. ಹುಡುಗನು ಕುಳಿತನು. ಆ ವರ್ಷವೆಲ್ಲ ಅವನು ಮತ್ತೆ ಏಳಲಿಲ್ಲ.

ನಿವೃತ್ತನಾದ ಮೇಲೆ ಮೊಮ್ಮಗನ ವಿಜ್ಞಾನದ ಪುಸ್ತಕವೊಂದನ್ನು ಓದುತ್ತಿದ್ದಾಗ ತಿಳಿಯಿತು. ಲೋಹವು ಬಹಳವಾಗಿ ಕಾದಿದ್ದರೆ, ಹನಿಯ ಕೆಳಗೆ ತನ್ನದೇ ಹಬೆಯ ತೆಳುವಾದ ಹಾಸು ಉಂಟಾಗಿ, ಅದು ಲೋಹವನ್ನು ಮುಟ್ಟದೆ ತೇಲಾಡುತ್ತದೆ. 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬ ಜರ್ಮನಿಯ ವೈದ್ಯನು, ಕೆಂಪಗೆ ಕಾಸಿದ ಕಬ್ಬಿಣದ ಸೌಟಿನಲ್ಲಿ ನೀರ ಹನಿಯನ್ನು ಬಿಟ್ಟು ನೋಡಿ ಬರೆದಿಟ್ಟ ಸಂಗತಿಯಿದು. ಆ ವೈದ್ಯನ ಹೆಸರು ಇಂದಿಗೂ ಉಳಿದಿದೆ. ನನ್ನ ಹುಡುಗನು ಅದನ್ನೇ ಕಂಡು ಹೇಳಿದಾಗ ಅವನಿಗೆ ದೊರೆತದ್ದು ಗದರಿಕೆ.

ಉಪನ್ಯಾಸದ ಮಾರನೆಯ ದಿನ ಅವನನ್ನು ಹುಡುಕಿಕೊಂಡು ಹೋದೆನು. ಈಗ ನಡುವಯಸ್ಸಿನವನು, ಬಸ್ ನಿಲ್ದಾಣದ ಹಿಂದೆ ಕಿಟಕಿ ಬಾಗಿಲುಗಳಿಗೆ ಕಬ್ಬಿಣದ ಸರಳು ಬೆಸೆಯುವ ಅಂಗಡಿಯಿಟ್ಟಿದ್ದಾನೆ. ಕುಲುಮೆ ಇಲ್ಲ, ತಂದೆ ತೀರಿಕೊಂಡ ಮೇಲೆ ಅದನ್ನು ಕಿತ್ತುಹಾಕಿದರಂತೆ. ಕುಳಿತುಕೊಳ್ಳಲು ಕುರ್ಚಿ ಹಾಕಿ, ಕಾಫಿ ತರಿಸಿಕೊಟ್ಟನು. ಆ ದಿನದ ಮಾತನ್ನು ನೆನಪಿಸಿದೆನು, ಅವನಿಗೆ ನೆನಪಿತ್ತು. ಕಲ್ಲುಕುಟಿಗರ ಉಳಿಗೆ ಹದ ಕೊಡುವಾಗ ಅವನ ತಂದೆ ಯಾವ ಬಣ್ಣಕ್ಕೆ ನೀರಿಗೆ ಅದ್ದುತ್ತಿದ್ದರೆಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದನು. "ಅಪ್ಪನಿಗೆ ಗೊತ್ತಿತ್ತು ಸಾರ್. ನಾನು ಕೇಳಲಿಲ್ಲ. ಓದಬೇಕು ಅಂತ ಕುಲುಮೆ ಕಡೆ ಬರಬೇಡ ಅಂತಿದ್ರು" ಎಂದನು.

ವಾಚಕ ಮಹಾಶಯರೇ, ಮರೆಯುವುದೆಂದರೆ ಇದು. ಇದರಲ್ಲಿ ಅಪಹರಣವಿಲ್ಲ, ಶಾಪವಿಲ್ಲ. ಬಲ್ಲ ತಂದೆಯೊಬ್ಬನು ತನ್ನ ವಿದ್ಯೆಯನ್ನು ವಿದ್ಯೆಯೆಂದು ಎಣಿಸದೆ ಹೋದನು. ಹಾಗೆ ಎಣಿಸಬಾರದೆಂದು ಅವನಿಗೆ ಕಲಿಸಿದವರು ನಾವು. ಅವನ ಮಗನನ್ನು ಕುಳಿತುಕೋ ಎಂದವನು ನಾನು.

ಹಿಂದಿನ ಉಕ್ಕಿನ ವಿದ್ಯೆಯನ್ನು ಈಗ ಲೋಹಶಾಸ್ತ್ರಜ್ಞರು ಬಹುಮಟ್ಟಿಗೆ ಬಿಡಿಸಿದ್ದಾರೆ. ನಮ್ಮ ಬೆಂಗಳೂರಿನ ವಿದ್ವಾಂಸರಾದ ಶಾರದಾ ಶ್ರೀನಿವಾಸನ್ ಮತ್ತು ರಂಗನಾಥನ್ ಅವರು 2004ರಲ್ಲಿ ಅದರ ಮೇಲೊಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಅದಕ್ಕಾಗಿ ನಾವು ಅಳಬೇಕಾಗಿಲ್ಲ. ಆದರೆ ಇಂದು ಬದುಕಿರುವ ವಿದ್ಯೆಗಳು ನಮ್ಮ ಕಣ್ಣ ಮುಂದೆಯೇ ಅದೇ ದಾರಿಯನ್ನು ಹಿಡಿದಿವೆ. ಸುಣ್ಣದ ಗೂಡನ್ನು ಸುಡಬಲ್ಲವರು, ಗಾರೆಯನ್ನು ಹದವಾಗಿ ಅರೆಯಬಲ್ಲವರು, ಕಂಚನ್ನು ಎರಕ ಹೊಯ್ಯುವವರು, ನೇಗಿಲಿನ ಕುಳವನ್ನು ತಟ್ಟುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಕೆಲವರಿದ್ದಾರೆ. ಹೆಚ್ಚಿನವರು ನನಗಿಂತ ಹಿರಿಯರು.

ಆದುದರಿಂದ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇನೆ. ಈ ಪತ್ರಿಕೆಯಲ್ಲಿ ಪ್ರತಿ ತಿಂಗಳು ಎರಡು ಪುಟಗಳನ್ನು ಇಂಥ ಒಬ್ಬೊಬ್ಬರಿಗೆ ಮೀಸಲಿಡತಕ್ಕದ್ದು. ನಮ್ಮಲ್ಲೊಬ್ಬರು ಅವರಲ್ಲಿಗೆ ಹೋಗಿ ಕುಳಿತು, ಯಾವ ಹಳ್ಳದ ಮಣ್ಣು, ಎಷ್ಟು ತೂಕ, ಯಾವ ಮರದ ಇದ್ದಿಲು, ಎಷ್ಟು ಹೊತ್ತು, ಯಾವ ಬಣ್ಣ ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಅಲಂಕಾರ ಬೇಡ, ಪ್ರಾಚೀನ ವೈಭವದ ಪೀಠಿಕೆಯೂ ಬೇಡ. ಲೇಖಕರೆಂದು ಅವರ ಹೆಸರೇ ಅಚ್ಚಾಗಬೇಕು. ಬರೆದುಕೊಂಡವನು ಲಿಪಿಕಾರ ಮಾತ್ರ. ಮೊದಲ ಲಿಪಿಕಾರನಾಗಲು ನಾನು ಸಿದ್ಧನಿದ್ದೇನೆ. ಆ ಹುಡುಗನ ದೊಡ್ಡಪ್ಪನೊಬ್ಬರು ಪಕ್ಕದ ಹಳ್ಳಿಯಲ್ಲಿ ಈಗಲೂ ಕುಲುಮೆ ಹಚ್ಚುತ್ತಾರಂತೆ, ಎಂಬತ್ತರ ಮೇಲಾಗಿದೆಯಂತೆ. ಬರುವ ಭಾನುವಾರ ಅವನೇ ನನ್ನನ್ನು ಅಲ್ಲಿಗೆ ಕರೆದೊಯ್ಯಲು ಒಪ್ಪಿದ್ದಾನೆ. ಈ ಸಲ ಪ್ರಶ್ನೆ ಕೇಳುವವನು ನಾನು.